ವಂಶದಿಂದ ಬಂದ ಕೊಲೆಸ್ಟ್ರಾಲ್‌ಗೆ ಪಥ್ಯ ಒಂದೇ ಸಾಕಾ?

ಪ್ರಶ್ನೆ: ನನಗೆ 36 ವರ್ಷ. ತೂಕ ಜಾಸ್ತಿ ಇಲ್ಲ, ಸಿಗರೇಟು ಸೇದುವುದಿಲ್ಲ, ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಆದರೂ ಎಲ್‌ಡಿಎಲ್, ಅದೇ ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, 228 ಬಂದಿದೆ. ಎರಡನೇ ಸಲ ಮಾಡಿಸಿದಾಗ 231. ಅಪ್ಪನಿಗೆ 47ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿತ್ತು. ಇದು ವಂಶದಿಂದ ಬಂದದ್ದು, ಮಾತ್ರೆ ಶುರು ಮಾಡಿ ಅಂದರು ಡಾಕ್ಟರ್. ಜೀವನಪೂರ್ತಿ ಮಾತ್ರೆ ನುಂಗೋಕೆ ನನಗೆ ಮನಸ್ಸಿಲ್ಲ. ಆರು ತಿಂಗಳು ಕಟ್ಟುನಿಟ್ಟಾಗಿ ಪಥ್ಯ ಮಾಡಿದರೆ ಇಳಿಯಲ್ವಾ? ಏನು ತಿನ್ನಬೇಕು, ಏನು ಬಿಡಬೇಕು? 9 ವರ್ಷದ ಮಗ, 5 ವರ್ಷದ ಮಗಳು ಇದ್ದಾರೆ, ಅವರಿಗೂ ಪರೀಕ್ಷೆ ಬೇಕಾ? ತಂಗಿ ತೆಳ್ಳಗಿದ್ದಾಳೆ, ನನಗೇನೂ ಬೇಡ ಅಂತಾಳೆ.

ಉತ್ತರ: ಇಳಿಯುತ್ತದೆ. ಆದರೆ ನೀವು ಅಂದುಕೊಂಡಷ್ಟು ಇಳಿಯುವುದಿಲ್ಲ. ಆರು ತಿಂಗಳು ಕಾಯುವ ಅಗತ್ಯವೂ ಇಲ್ಲ. ಊಟ ಬದಲಾದದ್ದು ರಕ್ತದಲ್ಲಿ ಕಾಣಿಸೋಕೆ ನಾಲ್ಕರಿಂದ ಆರು ವಾರ ಸಾಕು, ಆ ಹೊತ್ತಿಗೆ ಎಷ್ಟು ಇಳಿದಿರುತ್ತದೋ ಆರು ತಿಂಗಳಿಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. 'ಆರು ತಿಂಗಳು ನೋಡೋಣ' ಅನ್ನೋದು ಬಹಳ ಸಲ ಮಾತ್ರೆ ಮುಂದೂಡುವ ನೆಪ. ಬೇಜಾರು ಮಾಡ್ಕೋಬೇಡಿ, ಈ ಪ್ರಶ್ನೆ ಕೇಳುವ ಹೆಚ್ಚಿನವರ ಮನಸ್ಸಿನಲ್ಲಿ ಇರೋದು ಅದೇ.

ಮೊದಲು ಇದು ನಿಜವಾಗಿ ವಂಶದ್ದೇನಾ ಅಂತ ಖಾತ್ರಿ ಮಾಡಿಕೊಳ್ಳೋಣ. ದೊಡ್ಡವರಲ್ಲಿ ಎಲ್‌ಡಿಎಲ್ 190 ದಾಟಿದರೆ, ಅದೂ ಎರಡು ಸಲ ದಾಟಿದರೆ, ಜೊತೆಗೆ ಅಪ್ಪನಿಗೆ 55ರ ಒಳಗೇ ಹೃದಯಾಘಾತ ಆಗಿದ್ದರೆ ಅನುಮಾನ ಬರಲೇಬೇಕು. ನಿಮ್ಮ ಡಾಕ್ಟರ್ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಆದರೆ ಥೈರಾಯ್ಡ್ ಕೆಲಸ ಮಂದವಾಗಿದ್ದರೂ ಎಲ್‌ಡಿಎಲ್ ಏರುತ್ತದೆ. ಮೂತ್ರದಲ್ಲಿ ಪ್ರೋಟೀನ್ ತುಂಬಾ ಸೋರುವ ಕಿಡ್ನಿ ಕಾಯಿಲೆ, ಪಿತ್ತದ ದಾರಿ ಕಟ್ಟಿಕೊಂಡ ಲಿವರ್ ತೊಂದರೆ, ಇವುಗಳಲ್ಲೂ ಏರುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ನೋಡುವ ರಕ್ತಪರೀಕ್ಷೆ), ಲಿವರ್, ಮೂತ್ರ, ಈ ಮೂರು ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿಬಿಡಿ, ದೊಡ್ಡ ಕೆಲಸವೇನಲ್ಲ.

ಮನೆಯಲ್ಲೇ ನೋಡಬಹುದಾದದ್ದೂ ಒಂದಿದೆ. ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಬಿಗಿಯಾಗಿರುವ ಸ್ನಾಯುರಜ್ಜು ಇದೆಯಲ್ಲ, ಅದನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಮೇಲಿಂದ ಕೆಳಗೆ ಸವರಿ ನೋಡಿ. ಮನೆಯ ಬೇರೆಯವರದ್ದನ್ನೂ ಹಾಗೇ ಹಿಡಿದು ಹೋಲಿಸಿ. ನಿಮ್ಮದು ದಪ್ಪಗಿದ್ದರೆ, ಗಂಟುಗಂಟಾಗಿ ಸಿಕ್ಕರೆ, ಅದು ಅಲ್ಲಿ ಕೂತಿರುವ ಕೊಲೆಸ್ಟ್ರಾಲ್ ಇರಬಹುದು. ಬೆರಳ ಗೆಣ್ಣುಗಳ ಮೇಲೂ ಹೀಗೆ ಬರುತ್ತದೆ. ಕಣ್ಣಿನ ಕಪ್ಪು ಭಾಗದ ಅಂಚಿಗೆ ಬೂದು ಬಣ್ಣದ ಉಂಗುರ 45 ವರ್ಷದೊಳಗೇ ಬಂದಿದ್ದರೆ ಅದೂ ಸುಳಿವೇ. ಇವೇನೂ ಇಲ್ಲ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ, ಅನೇಕರಿಗೆ ಇರುವುದಿಲ್ಲ.

ಇದರ ಹೆಸರು ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೀಮಿಯಾ. ನಾಲಿಗೆ ತಿರುಗದಿದ್ದರೆ ಎಫ್‌ಎಚ್ ಅನ್ನಿ. ಅಪರೂಪದ ಕಾಯಿಲೆ ಅಲ್ಲವೇ ಅಲ್ಲ, ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಕೀಲುಗಳ ಹತ್ತಿರ ಗಂಟು, ರಕ್ತದಲ್ಲಿ ಕೊಲೆಸ್ಟ್ರಾಲ್, ಮನೆಮಂದಿಗೆಲ್ಲ ಹೃದಯದ ಕಾಯಿಲೆ, ಈ ಮೂರೂ ಒಂದೇ ಕಥೆ ಅಂತ ನಾರ್ವೆಯ ವೈದ್ಯ ಕಾರ್ಲ್ ಮುಲ್ಲರ್ 1938ರ ಹೊತ್ತಿಗೇ ಬರೆದಿದ್ದರು. ಯಾಕೆ ಹೀಗೆ ಅಂತ ಗೊತ್ತಾಗಿದ್ದು 1973ರ ನಂತರ, ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಲ್‌ಡಿಎಲ್ ರಿಸೆಪ್ಟರ್ ಕಂಡುಹಿಡಿದಾಗ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅವರು ಕಂಡುಕೊಂಡದ್ದು ಅರ್ಥವಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಲಿವರ್ ಕೋಶಗಳ ಮೈಮೇಲೆ ಈ ರಿಸೆಪ್ಟರ್‌ಗಳಿರುತ್ತವೆ. ರಕ್ತದಲ್ಲಿ ಹೋಗುತ್ತಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವುದು ಇವುಗಳ ಕೆಲಸ. ಇವನ್ನು ತಯಾರಿಸುವ ಜೀನ್ ನಮಗೆ ಎರಡು ಪ್ರತಿ ಬಂದಿರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಿಮ್ಮ ವಿಷಯದಲ್ಲಿ ಅಪ್ಪನಿಂದ ಬಂದದ್ದು ಕೆಟ್ಟಿದೆ ಅಂತ ಇಟ್ಟುಕೊಳ್ಳಿ. ಆಗ ಹತ್ತು ಜನ ಮಾಡುವ ಕೆಲಸಕ್ಕೆ ಐದೇ ಜನ ಬಂದ ಹಾಗಾಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತದೆ, ಸುತ್ತುತ್ತಾ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಮೈಯಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ದೇಹವೇ ತಯಾರಿಸಿಕೊಂಡದ್ದು, ತಟ್ಟೆಯಿಂದ ಬರುವುದು ಕಮ್ಮಿ. ಹಾಗಾಗಿ ಏನೂ ತಿನ್ನದೆ ಕೂತರೂ ನಿಮ್ಮ ಎಲ್‌ಡಿಎಲ್ 100ಕ್ಕೆ ಬರುವುದಿಲ್ಲ. ಇದು ನೀವು ತಿಂದದ್ದರ ತಪ್ಪಲ್ಲ, ಸುಮ್ನೆ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಮತ್ತೆ ಪಥ್ಯ ಯಾಕೆ? ಯಾಕಂದರೆ ಉಳಿದ ಅರ್ಧ ರಿಸೆಪ್ಟರ್‌ಗಳು ಊಟದ ಮಾತು ಕೇಳುತ್ತವೆ. ಬೆಣ್ಣೆ, ತುಪ್ಪ, ಕೆನೆ, ಚೀಸ್, ಕೊಬ್ಬಿನ ಮಾಂಸ, ತೆಂಗಿನೆಣ್ಣೆ, ಪಾಮ್ ಎಣ್ಣೆ, ಇವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಲಿವರ್ ಆ ರಿಸೆಪ್ಟರ್‌ಗಳನ್ನೂ ಕಮ್ಮಿ ಮಾಡಿಬಿಡುತ್ತದೆ. ಬೇರೆಯವರಿಗೆ ಅದು ತಡೆದುಕೊಳ್ಳುವಂಥ ನಷ್ಟ. ನಿಮಗೆ ಇರೋದೇ ಅರ್ಧ.

ಲೆಕ್ಕ ಹಾಕಿ ನೋಡಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬಿನಿಂದ ಬರುವ ಕ್ಯಾಲೊರಿ ಶೇ. 7ರೊಳಗೆ ಇರಬೇಕು ಅಂದರೆ ಸುಮಾರು 15 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 7 ಗ್ರಾಂ ಇರುತ್ತದೆ. ಎರಡು ಚಮಚಕ್ಕೆ ದಿನದ ಕೋಟಾ ಮುಗಿಯಿತು. ತೆಂಗಿನೆಣ್ಣೆಯಲ್ಲಿ ಶೇ. 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್, ಅಂದರೆ ಒಂದೇ ದೊಡ್ಡ ಚಮಚಕ್ಕೆ 11 ಗ್ರಾಂ. ಅದು ಗಿಡದಿಂದ ಬಂದದ್ದು, ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂತ ವಾದ ಮಾಡುವವರಿದ್ದಾರೆ. ನಿಜ, ಇಲ್ಲ. ಆದರೆ ಎಲ್‌ಡಿಎಲ್ ಏರಿಸೋಕೆ ಅದರಲ್ಲಿ ಕೊಲೆಸ್ಟ್ರಾಲ್ ಇರಬೇಕಾಗಿಲ್ಲ. ಸೂರ್ಯಕಾಂತಿ, ಸಾಸಿವೆ, ಕಡಲೆಕಾಯಿ, ಆಲಿವ್, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಎಣ್ಣೆ ಬದಲಾಯಿಸಿದೆ ಅಂತ ಎರಡರಷ್ಟು ಸುರಿಯಬೇಡಿ ಅಷ್ಟೇ.

ಇಲ್ಲಿ ಅನೇಕರು ಎಡವುತ್ತಾರೆ. ಬೆಣ್ಣೆ, ಚೀಸ್ ಬಿಟ್ಟು ಆ ಜಾಗಕ್ಕೆ ಬಿಸ್ಕತ್ತು, ಬಿಳಿ ಬ್ರೆಡ್ಡು, ಸಕ್ಕರೆ ಹಾಕಿದ 'ಫ್ಯಾಟ್ ಫ್ರೀ' ತಿಂಡಿ ತುಂಬಿಕೊಳ್ಳುತ್ತಾರೆ. ಆಗ ಎಲ್‌ಡಿಎಲ್ ಸ್ವಲ್ಪ ಇಳಿದರೂ ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಅನ್ನುವ ಇನ್ನೊಂದು ಕೊಬ್ಬು ಏರುತ್ತದೆ, ಒಳ್ಳೆಯದು ಅನ್ನುವ ಎಚ್‌ಡಿಎಲ್ ಇಳಿಯುತ್ತದೆ. ಏನು ಬಿಟ್ಟಿರಿ ಅನ್ನೋದರಷ್ಟೇ ಅದರ ಜಾಗಕ್ಕೆ ಏನು ಬಂತು ಅನ್ನೋದೂ ಮುಖ್ಯ. ಕಾಳು, ಇಡೀ ಧಾನ್ಯ, ಬೀಜ, ತರಕಾರಿ ಬರಬೇಕು.

ಅದರಲ್ಲೂ ಕರಗುವ ನಾರು. ಇದು ಮಾಡುವ ಕೆಲಸ ನನಗೆ ಯಾವಾಗಲೂ ಇಷ್ಟ. ಊಟ ಜೀರ್ಣವಾಗಲಿ ಅಂತ ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತರಸದ ಆಮ್ಲಗಳನ್ನು ಮಾಡಿ ಕರುಳಿಗೆ ಬಿಡುತ್ತದೆ. ಸಾಮಾನ್ಯವಾಗಿ ಕರುಳು ಅವನ್ನು ಹೀರಿ ವಾಪಸ್ ಕಳಿಸುತ್ತದೆ, ಮತ್ತೆ ಬಳಕೆ. ಕರಗುವ ನಾರು ಕರುಳಲ್ಲಿ ಲೋಳೆಯ ಹಾಗಾಗಿ ಅವುಗಳಲ್ಲಿ ಒಂದಿಷ್ಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಲಿವರ್‌ಗೆ ಈಗ ಹೊಸ ಪಿತ್ತ ಮಾಡಬೇಕು, ಅದಕ್ಕೆ ಕೊಲೆಸ್ಟ್ರಾಲ್ ಬೇಕು, ಹಾಗಾಗಿ ಇನ್ನಷ್ಟು ರಿಸೆಪ್ಟರ್ ಮಾಡಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಈಗ ಕೊಲೆಸ್ಟ್ರಾಲ್ ಇಳಿಸೋಕೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳು ಬರುವ ಮೊದಲು ಕೊಡುತ್ತಿದ್ದ ಕೊಲೆಸ್ಟೈರಮೀನ್ ಪುಡಿ ಮಾಡುತ್ತಿದ್ದದ್ದೂ ಇದನ್ನೇ, ಇನ್ನೂ ಜೋರಾಗಿ.

ಓಟ್ಸ್ ಮತ್ತು ಬಾರ್ಲಿಯಲ್ಲಿ ಬೀಟಾ ಗ್ಲೂಕನ್ ಅನ್ನುವ ನಾರಿದೆ. ದಿನಕ್ಕೆ 3 ಗ್ರಾಂ ಹೋದರೆ ಎಲ್‌ಡಿಎಲ್ ಶೇ. 5ರ ಆಸುಪಾಸು ಇಳಿಯುತ್ತದೆ. 3 ಗ್ರಾಂ ಅಂದರೆ ಸುಮಾರು 75 ಗ್ರಾಂ ಒಣ ಓಟ್ಸ್, ಎರಡು ಚಮಚ ಉದುರಿಸಿಕೊಂಡರೆ ಆಗಲ್ಲ. ಇಸಬ್‌ಗೋಲ್ ಹೊಟ್ಟು ದಿನಕ್ಕೆ 10 ಗ್ರಾಂ ತೆಗೆದುಕೊಂಡರೂ ಹೆಚ್ಚುಕಮ್ಮಿ ಇಷ್ಟೇ ಲಾಭ. ಅದನ್ನು ಒಮ್ಮೆಲೇ ಶುರು ಮಾಡಬೇಡಿ, ಹೊಟ್ಟೆ ಉಬ್ಬರಿಸಿ ಮೂರನೇ ದಿನಕ್ಕೇ ಬಿಟ್ಟುಬಿಡುತ್ತೀರಿ. ವಾರಕ್ಕೊಂದಿಷ್ಟು ಏರಿಸಿ, ದೊಡ್ಡ ಲೋಟ ನೀರಿನ ಜೊತೆ ಕುಡಿಯಿರಿ, ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರ ಇಡಿ. ಬೇಯಿಸಿದ ಕಾಳು ದಿನಕ್ಕೊಂದು ಬಟ್ಟಲು, ಎಣ್ಣೆಯಲ್ಲಿ ಹುರಿಯದ, ಉಪ್ಪು ಹಾಕದ ಬಾದಾಮಿ, ಆಕ್ರೋಟು ಅಥವಾ ಕಡಲೆಕಾಯಿ ಒಂದು ಹಿಡಿ, ಇವೂ ಒಂದೊಂದು ನಾಲ್ಕೈದು ಪರ್ಸೆಂಟ್ ಇಳಿಸಬಲ್ಲವು.

ಗಿಡಗಳಲ್ಲಿರುವ ಸ್ಟೆರಾಲ್ ಅನ್ನುವ ಪದಾರ್ಥ ಕರುಳಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ದಿನಕ್ಕೆ 2 ಗ್ರಾಂ ಬೇಕು, ಮಾಮೂಲಿ ಊಟದಲ್ಲಿ ಅಷ್ಟು ಸಿಗುವುದಿಲ್ಲ, ಅದನ್ನು ಸೇರಿಸಿ ಮಾಡಿದ ಆಹಾರ ಅಥವಾ ಕ್ಯಾಪ್ಸೂಲ್ ಬೇಕು. ಶೇ. 8ರಿಂದ 10 ಇಳಿಯುತ್ತದೆ. ಡಾಕ್ಟರನ್ನು ಕೇಳಿ ಶುರು ಮಾಡಿ, ಯಾಕಂದರೆ ಸೈಟೋಸ್ಟೆರಾಲೀಮಿಯಾ ಅನ್ನುವ ತೀರಾ ಅಪರೂಪದ ಕಾಯಿಲೆ ನೋಡೋಕೆ ಥೇಟ್ ಎಫ್‌ಎಚ್ ಹಾಗೇ ಇರುತ್ತದೆ, ಅದಕ್ಕೆ ಈ ಸ್ಟೆರಾಲೇ ವಿಷ.

ಈ ಎಲ್ಲವನ್ನೂ ಒಟ್ಟಿಗೆ ಮಾಡಿದರೆ? ಟೊರೊಂಟೊದ ಸಂಶೋಧಕ ಡೇವಿಡ್ ಜೆಂಕಿನ್ಸ್ ಅದನ್ನೇ ಪರೀಕ್ಷಿಸಿದ್ದರು. ಕರಗುವ ನಾರು, ಸೋಯಾ, ಬಾದಾಮಿ, ಸ್ಟೆರಾಲ್ ನಾಲ್ಕನ್ನೂ ಸೇರಿಸಿದ ಊಟ. 2003ರ ಪ್ರಯೋಗದಲ್ಲಿ ಊಟವನ್ನು ಅವರೇ ಕೊಟ್ಟರು, ಒಂದು ತಿಂಗಳಲ್ಲಿ ಎಲ್‌ಡಿಎಲ್ ಸುಮಾರು ಶೇ. 29 ಇಳಿಯಿತು. 2011ರ ಪ್ರಯೋಗದಲ್ಲಿ ಸಲಹೆ ಮಾತ್ರ ಕೊಟ್ಟು, ಜನ ಅವರವರ ಮನೆಯಲ್ಲೇ ಮಾಡಿಕೊಂಡು ತಿಂದಾಗ ಇಳಿದದ್ದು ಸುಮಾರು ಶೇ. 13. ಯಾರೂ ಮೋಸ ಮಾಡಿದ್ದಲ್ಲ, ಬದುಕು ಇರೋದೇ ಹಾಗೆ. ಎಫ್‌ಎಚ್ ಇರುವವರಿಗೂ ನಾನು ಶೇ. 10ರಿಂದ 15 ಅಂತಲೇ ಹೇಳುತ್ತೇನೆ.

ಈಗ ನಿಮ್ಮ 228 ತೆಗೆದುಕೊಳ್ಳೋಣ. ಪಥ್ಯದಿಂದ ಶೇ. 12 ಇಳಿದರೆ 200. ಅಲ್ಲಿಗೇ ನಿಂತರೆ ಇನ್ನೂ 190ರ ಮೇಲೇ ಇದ್ದೀರಿ. ಜೋರಿನ ಸ್ಟ್ಯಾಟಿನ್ ಅರ್ಧಕ್ಕರ್ಧ ಇಳಿಸಿದರೆ 100. ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಮಾತ್ರೆ ಸೇರಿಸಿ ಇನ್ನೊಂದು ಐದನೇ ಒಂದು ಪಾಲು ಹೋದರೆ 80. ಪಥ್ಯ ಇಲ್ಲದೆ ಇದೇ ಮಾತ್ರೆಗಳಿಂದ 91ಕ್ಕೆ ನಿಲ್ಲುತ್ತಿದ್ದಿರಿ. ಅಯ್ಯೋ, ಇಷ್ಟೆಲ್ಲ ಮಾಡಿ 11 ಅಂಕಾನಾ ಅನ್ನಬೇಡಿ. ಸ್ಟ್ಯಾಟಿನ್ ಡೋಸ್ ಒಮ್ಮೆ ದುಪ್ಪಟ್ಟು ಮಾಡಿದರೆ ಹೆಚ್ಚಿಗೆ ಸಿಗೋದು ಶೇ. 6 ಮಾತ್ರ. ಅಂದರೆ ನಿಮ್ಮ ಪಥ್ಯ ಮಾತ್ರೆಯನ್ನು ಎರಡು ಸಲ ದುಪ್ಪಟ್ಟು ಮಾಡಿದ್ದಕ್ಕೆ ಸಮ. 20 ಮಿಲಿಗ್ರಾಂನಲ್ಲಿ ಮುಗಿಯುವ ಕೆಲಸಕ್ಕೆ 80 ಯಾಕೆ ನುಂಗಬೇಕು? ಮಾತ್ರೆ ಕಮ್ಮಿ ಇರಲಿ ಅನ್ನುವವರು ಪಥ್ಯ ಹಿಡಿಯಬೇಕಾದ್ದು ಈ ಕಾರಣಕ್ಕೆ. ಎಫ್‌ಎಚ್‌ನಲ್ಲಿ ಗುರಿ ಎಷ್ಟು ಅಂತ ನಿಮ್ಮ ಡಾಕ್ಟರ್ ನಿರ್ಧರಿಸುತ್ತಾರೆ, ಯುರೋಪಿನ ಮಾರ್ಗಸೂಚಿ 70ರೊಳಗೆ ಅನ್ನುತ್ತದೆ. ಎರಡು ಮಾತ್ರೆಗೂ ಬಗ್ಗದಿದ್ದರೆ ರಿಸೆಪ್ಟರ್‌ಗಳನ್ನು ನಾಶ ಮಾಡಿಸುವ ಪಿಸಿಎಸ್‌ಕೆ9 ಅನ್ನುವ ಪ್ರೋಟೀನ್ ತಡೆಯುವ ಇಂಜೆಕ್ಷನ್‌ಗಳಿವೆ, ಉಳಿದದ್ದರಲ್ಲಿ ಮತ್ತೆ ಅರ್ಧದಷ್ಟು ಇಳಿಸುತ್ತವೆ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. 50ನೇ ವಯಸ್ಸಿಗೆ 228ಕ್ಕೆ ಏರಿದವರೂ ನೀವೂ ಒಂದೇ ಅಲ್ಲ. ನಿಮ್ಮ ರಕ್ತನಾಳಗಳು ಹುಟ್ಟಿದಾಗಿನಿಂದ ಈ ಎಲ್‌ಡಿಎಲ್‌ನಲ್ಲೇ ನೆನೆದಿವೆ. ಚಿಕಿತ್ಸೆ ಇಲ್ಲದ ಎಫ್‌ಎಚ್‌ನಲ್ಲಿ ಗಂಡಸರಲ್ಲಿ ಅರ್ಧದಷ್ಟು ಜನರಿಗೆ 50 ವರ್ಷದೊಳಗೆ, ಹೆಂಗಸರಲ್ಲಿ ಸುಮಾರು ಶೇ. 30 ಜನರಿಗೆ 60ರೊಳಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ನಿಮ್ಮ ತಂದೆಗೆ ಆದದ್ದು 47ಕ್ಕೆ.

ಮಾತ್ರೆಯ ಭಯದ ಬಗ್ಗೆ. ಸ್ಟ್ಯಾಟಿನ್ ಶುರುವಾದದ್ದು ಶಿಲೀಂಧ್ರದಿಂದ, 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಅದನ್ನು ಹುಡುಕಿದ್ದು. ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಅದು ತಡೆಯುತ್ತದೆ, ಆಗ ಲಿವರ್ ಉಳಿದ ಜೀನ್‌ನಿಂದ ಇನ್ನಷ್ಟು ರಿಸೆಪ್ಟರ್ ಮಾಡಿಕೊಳ್ಳುತ್ತದೆ. ನೋಡಿ, ಓಟ್ಸ್ ತಲುಪುವ ಜಾಗಕ್ಕೇ ಇದೂ ತಲುಪುತ್ತದೆ. ಕೆಲವರಿಗೆ ಮೈಕೈ ನೋವು ಬರುವುದು ನಿಜ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರಿಗೆ ಅದು ಸ್ವಲ್ಪ ಬೇಗ ಬರಬಹುದು. ಆದರೆ 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಪ್ರಯೋಗದಲ್ಲಿ, ನೋವು ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ ಹೀಗೆ ಕೊಟ್ಟರು. ಸ್ಟ್ಯಾಟಿನ್‌ನಲ್ಲಿ ಆದ ತೊಂದರೆಯ ಶೇ. 90ರಷ್ಟು ಆ ಖಾಲಿ ಮಾತ್ರೆಯಲ್ಲೂ ಆಗಿತ್ತು! ನೋವು ಸುಳ್ಳಲ್ಲ, ಕಾರಣ ಬಹಳ ಸಲ ಬೇರೆ. ತಡೆಯಲಾರದ ಸ್ನಾಯು ನೋವು, ಕಪ್ಪು ಬಣ್ಣದ ಮೂತ್ರ ಬಂದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗಿ. ಉಳಿದದ್ದಕ್ಕೆ ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ನೋಡಬಹುದು.

'ಮಾತ್ರೆ ಬೇಡ, ನೈಸರ್ಗಿಕ' ಅಂತ ರೆಡ್ ಈಸ್ಟ್ ರೈಸ್ (ಕೆಂಪು ಶಿಲೀಂಧ್ರದಿಂದ ಹುದುಗಿಸಿದ ಅಕ್ಕಿ) ಕ್ಯಾಪ್ಸೂಲ್ ನುಂಗುವವರು ಇದ್ದಾರಲ್ಲ, ಅದರಲ್ಲಿರುವ ಮೊನಾಕೊಲಿನ್ ಕೆ ಅನ್ನೋದು 1987ರಿಂದ ಔಷಧಿಯಾಗಿ ಸಿಗುತ್ತಿರುವ ಲೊವಾಸ್ಟ್ಯಾಟಿನ್ನೇ. ವ್ಯತ್ಯಾಸ ಇಷ್ಟೇ, ಡಬ್ಬಿಯೊಳಗೆ ಎಷ್ಟಿದೆ ಅಂತ ಭರವಸೆ ಇಲ್ಲ, ಕಿಡ್ನಿಗೆ ಕೆಟ್ಟದ್ದಾದ ಸಿಟ್ರಿನಿನ್ ಬೆರೆತಿರುವ ಸಾಧ್ಯತೆಯೂ ಇದೆ.

ಉಳಿದ ಸಣ್ಣಪುಟ್ಟವು. ಮೊಟ್ಟೆಯ ಹಳದಿಯಲ್ಲಿ 200 ಮಿಲಿಗ್ರಾಂ ಹತ್ತಿರ ಕೊಲೆಸ್ಟ್ರಾಲ್ ಇದೆ, ವಾರಕ್ಕೆ ಮೂರು ನಾಲ್ಕು ಸಾಕು, ಬಿಳಿ ಎಷ್ಟಾದರೂ ತಿನ್ನಿ. ಕಾಫಿ ಪುಡಿಯನ್ನು ನೀರಲ್ಲೇ ಕುದಿಸಿ ಕುಡಿದರೆ ಅದರಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ, ಪೇಪರ್ ಫಿಲ್ಟರ್‌ನಲ್ಲಿ ಸೋಸಿದರೆ ಅದು ಅಲ್ಲೇ ಉಳಿಯುತ್ತದೆ. ಅನ್ನ, ಹಿಟ್ಟು ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೊ ಪಥ್ಯದ ಹತ್ತಿರ ಸುಳಿಯಬೇಡಿ. ತೂಕ ಇಳಿದರೂ ಬೆಣ್ಣೆ, ಮಾಂಸದ ಕೊಬ್ಬಿನಿಂದ ನಿಮ್ಮಂಥವರ ಎಲ್‌ಡಿಎಲ್ ಗಗನಕ್ಕೇರುತ್ತದೆ. ಓಟ ಬಿಡಬೇಡಿ, ಬಿಪಿಗೆ, ಸಕ್ಕರೆಗೆ, ಹೃದಯಕ್ಕೆ ಒಳ್ಳೆಯದು. ಎಲ್‌ಡಿಎಲ್ ಮಾತ್ರ ಓಟದಿಂದ ಹೆಚ್ಚೇನೂ ಇಳಿಯುವುದಿಲ್ಲ. ಓಡುವಾಗ ಎದೆ ಬಿಗಿದರೆ, ದವಡೆ ಅಥವಾ ಎಡಗೈ ಎಳೆದರೆ, ಗ್ಯಾಸು ಅಂತ ತಳ್ಳಿಹಾಕಬೇಡಿ. ಫಿಟ್ ಆಗಿರುವವರು ಇದನ್ನು ನಂಬೋದೇ ಕಷ್ಟ.

ಮಕ್ಕಳ ವಿಷಯಕ್ಕೆ ಬರೋಣ, ಇದೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಒಬ್ಬೊಬ್ಬರಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರಿಗೂ ಪರೀಕ್ಷೆ ಮಾಡಿಸಿ, ಮಗನಿಗೆ ಈಗಲೇ. ಉಪವಾಸವೂ ಬೇಕಿಲ್ಲ, ರಕ್ತದ ಕೊಬ್ಬು ನೋಡುವ ಮಾಮೂಲಿ ಲಿಪಿಡ್ ಪರೀಕ್ಷೆ ಸಾಕು. ಮಗುವಿನ ಎಲ್‌ಡಿಎಲ್ 160 ದಾಟಿದರೆ, ನಿಮಗೂ ಇರುವುದರಿಂದ, ಬಂದಿದೆ ಅಂತಲೇ ಹೇಳಬಹುದು. ಆಗ ಮನೆಮಂದಿಯ ಊಟವೇ ಬದಲಾಗಲಿ, ಅವನೊಬ್ಬನಿಗೆ ಬೇರೆ ತಟ್ಟೆ ಇಟ್ಟು ರೋಗಿ ಮಾಡಬೇಡಿ. ಮಾತ್ರೆಯನ್ನು ಸಾಮಾನ್ಯವಾಗಿ 8ರಿಂದ 10 ವರ್ಷಕ್ಕೆ ಶುರು ಮಾಡುತ್ತಾರೆ. ಅಷ್ಟು ಚಿಕ್ಕವರಿಗಾ ಅಂತ ನಿಮಗೆ ಎದೆ ಧಸಕ್ ಅನ್ನುತ್ತದೆ, ಗೊತ್ತು. ಎಫ್‌ಎಚ್ ಇದ್ದ 214 ಮಕ್ಕಳಿಗೆ ಸ್ಟ್ಯಾಟಿನ್ ಕೊಟ್ಟು ನೆದರ್‌ಲೆಂಡ್ಸ್‌ನಲ್ಲಿ 20 ವರ್ಷ ಹಿಂಬಾಲಿಸಿದರು, 2019ರಲ್ಲಿ ಅದು ಪ್ರಕಟವಾಯಿತು. 39ನೇ ವಯಸ್ಸಿನ ಹೊತ್ತಿಗೆ ಅವರಲ್ಲಿ ಹೃದಯದ ತೊಂದರೆ ಆದದ್ದು ಶೇ. 1 ಜನರಿಗೆ. ಕಾಯಿಲೆ ದಾಟಿಸಿದ ಅವರ ಅಪ್ಪ ಅಮ್ಮಂದಿರಲ್ಲಿ ಅದೇ ವಯಸ್ಸಿಗೆ ಶೇ. 26. ಮಕ್ಕಳ ಇನ್ನೊಬ್ಬ ಹೆತ್ತವರ ಎಲ್‌ಡಿಎಲ್ಲೂ ಒಮ್ಮೆ ನೋಡಿಸಿ. ಎರಡೂ ಕಡೆಯಿಂದ ಬಂದರೆ ಅದು ಬಾಲ್ಯದಲ್ಲೇ ಕಾಡುವ ತೀವ್ರ ರೂಪ, ಅಪರೂಪ, ಆದರೂ ತಿಳಿದಿರಲಿ.

ತಂಗಿಗೆ ತೆಳ್ಳಗಿರುವುದು ರಕ್ಷಣೆ ಅಲ್ಲ ಅಂತ ಹೇಳಿ, ಬೇಕಾದರೆ ನಿಮ್ಮನ್ನೇ ತೋರಿಸಿ. ಅವರಿಗೂ ಅರ್ಧಕ್ಕರ್ಧ ಸಾಧ್ಯತೆ. ಮಗು ಮಾಡಿಕೊಳ್ಳುವ ಯೋಚನೆ ಇದ್ದರೆ ಪರೀಕ್ಷೆ ಇನ್ನೂ ಬೇಗ ಆಗಲಿ, ಗರ್ಭಿಣಿಯರಿಗೆ ಸಾಮಾನ್ಯವಾಗಿ ಸ್ಟ್ಯಾಟಿನ್ ನಿಲ್ಲಿಸುವುದರಿಂದ ಡಾಕ್ಟರ ಜೊತೆ ಮೊದಲೇ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ.

ಮುಂದಿನ ಸಲ ರಕ್ತ ಕೊಡುವಾಗ ಲೈಪೊಪ್ರೋಟೀನ್ ಎ ಅನ್ನುವ, ಎಲ್‌ಡಿಎಲ್ ಹಾಗೇ ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಕಣವನ್ನೂ ಸೇರಿಸೋಕೆ ಹೇಳಿ. ಅದೂ ವಂಶದಿಂದ ಬರುವಂಥದ್ದು, ಊಟಕ್ಕೆ ಬಗ್ಗುವುದಿಲ್ಲ, ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. ಅದೂ ಜಾಸ್ತಿ ಇದ್ದರೆ ಡಾಕ್ಟರ್ ನಿಮ್ಮ ಎಲ್‌ಡಿಎಲ್ ಗುರಿಯನ್ನು ಇನ್ನಷ್ಟು ಕೆಳಗೆ ಇಡಬಹುದು. ಮಾತ್ರೆ, ಪಥ್ಯ ಎರಡನ್ನೂ ಇದೇ ವಾರ ಶುರು ಮಾಡಿ, ಆರು ವಾರ ಬಿಟ್ಟು ಲಿಪಿಡ್ ಮತ್ತೆ ಮಾಡಿಸಿ, ಆ ಅಂಕಿಗಳ ಜೊತೆ ಟಿಎಸ್‌ಎಚ್ ಎಷ್ಟು ಬಂತು ಅನ್ನೋದನ್ನೂ ಬರೆಯಿರಿ.